ಆರುನೂರು ರೂಪಾಯಿಯ ಹೆಬ್ಬೆಟ್ಟು

ನಮ್ಮ ಶಿರಸಿ ಕಡೆ ಅಡಿಕೆ ಕೊನೆ ಕೊಯ್ಯುವ ಕೊನೆಗೌಡ ಅಂದರೆ ಅರ್ಧ ಹಕ್ಕಿ. ಒಂದು ಅಡಿಕೆ ಮರ ಹತ್ತಿದರೆ ಆಯ್ತು, ಅಲ್ಲೇ ತೂಗಿ ತೂಗಿ ಪಕ್ಕದ ಮರಕ್ಕೆ ದಾಟುತ್ತಾನೆ. ನೆಲಕ್ಕೆ ಇಳಿಯುವುದು ಊಟದ ಹೊತ್ತಿಗೇ. ನಮ್ಮೂರ ಗೌಡ ಎರಡು ವರ್ಷದ ಹಿಂದೆ ಊಟಕ್ಕೆ ಮೊದಲೇ ಇಳಿದುಬಿಟ್ಟ. ಈಗ ಸೊಂಟದ ಕೆಳಗೆ ಸ್ವಾಧೀನ ಇಲ್ಲ.

ಸರ್ಕಾರ ಇಂಥವರನ್ನು ಕೈಬಿಡುವುದಿಲ್ಲ. 2016ರ ಕಾಯ್ದೆಯಲ್ಲಿ 21 ಬಗೆಯ ಅಂಗವೈಕಲ್ಯದ ಪಟ್ಟಿಯೇ ಇದೆ. ಆದರೆ ಬಿದ್ದರೆ ಸಾಲದು, ಪರ್ಸೆಂಟ್ ಬರಬೇಕು. 40 ಬಂದರೆ ರಾಜ್ಯದಿಂದ ತಿಂಗಳಿಗೆ 800 ರೂಪಾಯಿ. 75 ಬಂದರೆ 1,400. ಕೇಂದ್ರದ್ದು ಇನ್ನೂ ಬಿಗಿ, 80 ಬಂದವರಿಗೆ ಮಾತ್ರ. ಎಷ್ಟು ಅಂತೀರಿ? ಭರ್ತಿ 300!

ಗೌಡನಿಗೆ ಬಂದದ್ದು 74.

ಉಳಿದ ಆ ಒಂದು ಎಲ್ಲಿ ಹೋಯಿತು ಅಂತ ಊರೆಲ್ಲ ಲೆಕ್ಕ ಹಾಕಿದೆವು. ಕೊನೆಗೆ ಗೌಡನೇ ಹೇಳಿದ. "ಬಲಗಾಲಿನ ಹೆಬ್ಬೆಟ್ಟು ಒಮ್ಮೊಮ್ಮೆ ಅಲ್ಲಾಡ್ತದೆ ಹೆಗ್ಡೇರೆ. ಡಾಕ್ಟ್ರು ನೋಡ್ತಾ ಇರೋವಾಗ್ಲೇ ಅಲ್ಲಾಡಿಬಿಡ್ತು." ತಿಂಗಳಿಗೆ 600 ರೂಪಾಯಿ ಬೆಲೆಯ ಹೆಬ್ಬೆಟ್ಟು ಇಡೀ ತಾಲೂಕಿನಲ್ಲಿ ಇನ್ಯಾರಿಗೂ ಇರಲಿಕ್ಕಿಲ್ಲ.

ಇರಲಿ, 800 ಬರುತ್ತಿತ್ತು. ದಿನಕ್ಕೆ 26 ರೂಪಾಯಿ ಚಿಲ್ಲರೆ, ಪೇಟೆಯಲ್ಲಿ ಎರಡು ಚಾ. ಒಂದು ತಿಂಗಳು ಅದೂ ನಿಂತಿತು. ಗೌಡ ಬದುಕಿದ್ದಾನೆ ಅನ್ನುವುದಕ್ಕೆ ದಾಖಲೆ ಇಲ್ಲವಂತೆ. ಬೆರಳಚ್ಚು ಕೊಡೋಣ ಅಂದರೆ ಮೂವತ್ತು ವರ್ಷ ಮರ ತಬ್ಬಿದ ಕೈ, ಗೆರೆ ಎಲ್ಲ ಸವೆದು ನುಣ್ಣಗಾಗಿದೆ. ಮಶೀನು ನಾಲ್ಕು ಸಲ ಕೆಂಪು ದೀಪ ತೋರಿಸಿತು. ಹಾಗಾದರೆ ಮುಖ ತೋರಿಸಿ ಅಂತ ಒಬ್ಬ ಅಧಿಕಾರಿ ಮೊಬೈಲ್ ಹಿಡಿದು ಮನೆಗೇ ಬಂದರು. ಪಾಪ, ಒಳ್ಳೆ ಮನುಷ್ಯ. ಅಂಗಳದಲ್ಲಿ ನಿಂತು ಮೊಬೈಲನ್ನು ಆಕಾಶಕ್ಕೆ ಎತ್ತಿದರು, ಕೊಟ್ಟಿಗೆ ಹಿಂದೆ ಹೋಗಿ ಎತ್ತಿದರು. ನಮ್ಮೂರಲ್ಲಿ ನೆಟ್‌ವರ್ಕ್ ಇರುವುದು ಒಂದೇ ಕಡೆ, ಸೊಪ್ಪಿನ ಬೆಟ್ಟದ ತಲೆಯ ಮೇಲೆ.

ಮೊಬೈಲ್ ಅಷ್ಟೇ ಹೋದರೆ ಆಗುವುದಿಲ್ಲ, ಮುಖವೂ ಹೋಗಬೇಕು ಅಲ್ವಾ? ಕಂಬಳಿಗೆ ಗಳ ಕಟ್ಟಿ ಜೋಲಿ ಮಾಡಿದೆವು. ನಾಲ್ಕು ಜನ ಹೊತ್ತೆವು. ಮಳೆಗಾಲದ ಜಾರು ದಾರಿ, ರಕ್ತ ಹೀರುವ ಉಂಬಳ ಬೇರೆ. ಮೇಲೆ ಇಳಿಸಿದಾಗ ಗೌಡ ಮೊಬೈಲ್ ಕಡೆ ನೋಡಲೇ ಇಲ್ಲ. ಕೆಳಗೆ ತೋಟದ ಅಡಿಕೆ ಮರಗಳ ತಲೆಗಳು ಕಾಣುತ್ತಿದ್ದವು. ಎರಡು ವರ್ಷದ ಮೇಲೆ ಆ ಎತ್ತರಕ್ಕೆ ಬಂದಿದ್ದ.

"ಗೌಡ್ರೆ, ಇಲ್ನೋಡಿ, ಕಣ್ಣು ಮಿಟುಕಿಸಿ" ಅಂದರು ಅಧಿಕಾರಿ. ಮಿಟುಕಿಸಿದ. ಹಸಿರು ಗುರುತು ಬಂತು. ಗೌಡ ಸರ್ಕಾರಿ ಲೆಕ್ಕದಲ್ಲಿ ಬದುಕಿದ.

ಅಷ್ಟರಲ್ಲಿ ಅಧಿಕಾರಿ ತಲೆ ಕೆರೆದುಕೊಂಡರು. "ಫೋಟೋದಲ್ಲಿ ಜಾಗನೂ ದಾಖಲಾಗ್ತದೆ ಮಾರಾಯ್ರೆ. ಬೆಟ್ಟದ ತುದಿ ಅಂತ ಬಿದ್ದಿದೆ. ನಡೆಯೋಕೆ ಆಗದವರು ಅಲ್ಲಿಗೆ ಹೆಂಗೆ ಹೋದ್ರು ಅಂತ ಮೇಲಿನವರು ಕೇಳಿದ್ರೆ?"

ಗೌಡ ಕಂಬಳಿ ಸರಿಮಾಡಿಕೊಂಡ.

"ಆ ಹೆಬ್ಬೆಟ್ಟು ಉಂಟಲ್ಲ ಸ್ವಾಮಿ, ಅದ್ರ ಮೇಲೇ ನಡ್ಕೊಂಡು ಬಂದ ಅಂತ ಬರೀರಿ."