ಬಡತನಕ್ಕೂ ಬೇಕು ಆರ್‌ಡಿ ನಂಬರು

ಈ ವರ್ಷ ಮಗನನ್ನು ಡಿಗ್ರಿಗೆ ಸೇರಿಸಿದ ಅಪ್ಪಂದಿರಿಗೆ ಒಂದು ಕಿವಿಮಾತು. ಓದಿನ ವಿಚಾರ ಆಮೇಲೆ ನೋಡಿಕೊಳ್ಳಿ, ಮೊದಲು ಮನೆಯ ಬಡತನವನ್ನು ಆನ್‌ಲೈನ್ ಮಾಡಿಸಿ. ಹರಿದ ಅಂಗಿ, ಸೋರುವ ಮಾಳಿಗೆ ರಾಜ್ಯದ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕುವ ಎಸ್‌ಎಸ್‌ಪಿ ಪೋರ್ಟಲ್‌ಗೆ ಕಾಣುವುದಿಲ್ಲ. ನಾಡಕಚೇರಿ ಕೊಟ್ಟ ಜಾತಿ-ಆದಾಯ ಪತ್ರದ ಆರ್‌ಡಿ ನಂಬರು ಕಂಡರೆ ಮಾತ್ರ ಅದು ಕರಗುತ್ತದೆ.

ಇನ್ನು ಆದಾಯದ ಲೆಕ್ಕ. ಪರಿಶಿಷ್ಟ ಜಾತಿಯ ಹುಡುಗನಿಗೆ ಕೇಂದ್ರದ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಬೇಕಾದರೆ, 2021ರ ಮಾರ್ಗಸೂಚಿಯಂತೆ ಮನೆಯ ವಾರ್ಷಿಕ ಆದಾಯ 2.5 ಲಕ್ಷ ದಾಟುವಂತಿಲ್ಲ. ತಿಂಗಳಿಗೆ 21 ಸಾವಿರ ದುಡಿಯುವ ಅಪ್ಪ ಈ ಲೆಕ್ಕದಲ್ಲಿ ಸ್ಥಿತಿವಂತ. ಅದೇ ದೆಹಲಿ 2019ರಲ್ಲಿ ಸಂವಿಧಾನಕ್ಕೆ 103ನೇ ತಿದ್ದುಪಡಿ ತಂದು, ಮೀಸಲಾತಿಯಿಂದ ಹೊರಗುಳಿದ ಬಡವರನ್ನು ಹುಡುಕಲು ಹೊರಟಾಗ ಗೆರೆ ಎಳೆದದ್ದು 8 ಲಕ್ಷಕ್ಕೆ. ತಿಂಗಳಿಗೆ 65 ಸಾವಿರ ಎಣಿಸುವವರೂ, ಪಾಪ, ಆರ್ಥಿಕವಾಗಿ ದುರ್ಬಲರು! ‘ಕೂಲಿ ಜಾಸ್ತಿ ಮಾಡ್ಬೇಡಿ ಸ್ವಾಮಿ, ಮಗನ ಸ್ಕಾಲರ್‌ಶಿಪ್ ಹೋಗ್ತದೆ’ ಎಂದು ಗಾರೆ ಕೆಲಸದವನು ಮೇಸ್ತ್ರಿಯ ಕಾಲು ಹಿಡಿಯಬೇಕಾದ ಕಾಲ.

ಆದಾಯ ಹೊಂದಿತು ಅನ್ನಿ. ಹೆಸರು? ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ‘ಮಂಜುನಾಥ ಆರ್’, ಆಧಾರ್‌ನಲ್ಲಿ ‘ಆರ್ ಮಂಜುನಾಥ್’. ಹೆತ್ತವ್ವ ಇಬ್ಬರನ್ನೂ ‘ಮಂಜಾ’ ಅಂತಲೇ ಕೂಗಿ ಒಂದೇ ತಟ್ಟೆಗೆ ಬಡಿಸುತ್ತಾಳೆ. ಕಂಪ್ಯೂಟರಿಗೆ ಅವರು ಬೇರೆ ಬೇರೆ ಆಸಾಮಿಗಳು. ಇನಿಷಿಯಲ್ಲನ್ನು ಮುಂದಿನಿಂದ ಹಿಂದಕ್ಕೆ ದಾಟಿಸಲು ಆಧಾರ್ ಕೇಂದ್ರದ ಸಾಲಲ್ಲಿ ನಿಂತು ಅಪ್ಪನ ಕೂಲಿ ಖೋತಾ. ಆದಾಯವನ್ನು ಮಿತಿಯೊಳಗೇ ಇಡಲು ಸರ್ಕಾರ ಹೂಡಿದ ಉಪಾಯ ಇದೇ ಇರಬೇಕು.

ಹಣ ನೇರ ಖಾತೆಗೆ ಬರುತ್ತದೆ, ನಿಜ. ಆದರೆ ನಿಮ್ಮ ಮನಸ್ಸಿನಲ್ಲಿರುವ ಖಾತೆಗಲ್ಲ, ಬ್ಯಾಂಕುಗಳ ನಡುವೆ ಹಣ ಸಾಗಿಸುವ ಎನ್‌ಪಿಸಿಐ ಸಂಸ್ಥೆಯ ಪಟ್ಟಿಯಲ್ಲಿ ಆಧಾರ್‌ಗೆ ಕೊನೆಯದಾಗಿ ಜೋಡಣೆಯಾದ ಖಾತೆಗೆ. ‘ಆಧಾರ್ ಕೊಟ್ಟಿದ್ದೀನಲ್ಲ ಸಾರ್’ ಅಂದರೆ ಬ್ಯಾಂಕಿನವರು ತಲೆ ಎತ್ತದೆ ಹೇಳುತ್ತಾರೆ: ‘ಅದು ಲಿಂಕು. ನಿಮಗೆ ಬೇಕಾಗಿರೋದು ಆ ಪಟ್ಟಿಗೆ ಸೇರಿಸೋ ಸೀಡಿಂಗು.’

ಅಷ್ಟರಲ್ಲಿ ಕಾಲೇಜಿನ ಕಿಟಕಿಯಿಂದ ಕೂಗು: ಮೊದಲು ಫೀಸು ಕಟ್ಟಿ, ಸ್ಕಾಲರ್‌ಶಿಪ್ ಬಂದಾಗ ನೋಡೋಣ. ಅಪ್ಪ ಊರಿನ ಬಡ್ಡಿ ಸಾಹುಕಾರರ ಜಗುಲಿ ಹತ್ತುತ್ತಾನೆ. ಅಲ್ಲಿ ಓಟಿಪಿ ಇಲ್ಲ, ಸರ್ವರ್ ಡೌನ್ ಇಲ್ಲ, ಇನಿಷಿಯಲ್ ಹಿಂದೋ ಮುಂದೋ ಎಂದು ಯಾರೂ ಕೇಳುವುದಿಲ್ಲ. ಇವನು ಬಡವ ಎಂದು ಮುಖ ನೋಡಿಯೇ ದೃಢೀಕರಿಸುತ್ತಾರೆ. ಅರ್ಜಿ ಹಾಕಿದ ದಿನವೇ ಮಂಜೂರು, ತಿಂಗಳಿಗೆ ನೂರಕ್ಕೆ ಐದರಂತೆ.