ಆ ಕತ್ತಲು 1989ರದ್ದು
ಸೂಪರ್‌ಹೀರೋ ಚಿತ್ರಗಳಿಗೆ ಕತ್ತಲು ತಂದದ್ದು 2005ರಲ್ಲಿ ಬಂದ ಕ್ರಿಸ್ಟೋಫರ್ ನೋಲನ್‌ರ ‘ಬ್ಯಾಟ್‌ಮ್ಯಾನ್ ಬಿಗಿನ್ಸ್’ ಚಿತ್ರ ಅಂತ ಲೇಖನವೊಂದರಲ್ಲಿ ಲೇಖಕರು ಬರೆದಿದ್ದಾರೆ. ಒಪ್ಪೋಕಾಗಲ್ಲ ಸಾರ್. ಅದಕ್ಕೂ 16 ವರ್ಷ ಮೊದಲೇ ಟಿಮ್ ಬರ್ಟನ್ ‘ಬ್ಯಾಟ್‌ಮ್ಯಾನ್’ ಮಾಡಿ ಮುಗಿಸಿದ್ದರು. ಆಂಟನ್ ಫರ್ಸ್ಟ್ ರೂಪಿಸಿದ ಬ್ಯಾಟ್‌ಮ್ಯಾನ್‌ನ ಊರು ಗಾಥಮ್ ನಗರ ನೋಡಿ: ಆಕಾಶವೇ ಕಾಣದ ಹಾಗೆ ಮೈಮೇಲೆ ಬೀಳುವಂತಿರುವ ಕಟ್ಟಡಗಳು, ಹೊಗೆ, ಕಬ್ಬಿಣ. ಕಲಾ ನಿರ್ದೇಶನದ ಆಸ್ಕರ್ ಸುಮ್ಮನೆ ಬರಲಿಲ್ಲ. ಅದೇ ಜಾಡು ಹಿಡಿದ 1992ರ ಬ್ಯಾಟ್‌ಮ್ಯಾನ್ ಕಾರ್ಟೂನ್ ಸರಣಿಯವರಂತೂ ಹಿನ್ನೆಲೆ ಚಿತ್ರಗಳನ್ನು ಕಪ್ಪು ಕಾಗದದ ಮೇಲೇ ಬಿಡಿಸಿದರು. ಬರ್ಟನ್ ಚಿತ್ರದ ಡ್ಯಾನಿ ಎಲ್ಫ್‌ಮನ್ ಸಂಗೀತವನ್ನೂ ಎತ್ತಿಕೊಂಡರು.

ಬರ್ಟನ್ ಚಿತ್ರದ ಕಥೆ ಸಡಿಲ, ಅದು ನಿಜ. ಪಾಪ, ಆ ರಬ್ಬರ್ ಉಡುಪಿನಲ್ಲಿ ಬ್ಯಾಟ್‌ಮ್ಯಾನ್ ಪಾತ್ರದ ಮೈಕೆಲ್ ಕೀಟನ್‌ಗೆ ಕತ್ತು ಹೊರಳಿಸಲೂ ಆಗುತ್ತಿರಲಿಲ್ಲ, ಇಡೀ ಮೈಯನ್ನೇ ತಿರುಗಿಸಬೇಕಿತ್ತು. 2008ರ ‘ದಿ ಡಾರ್ಕ್ ನೈಟ್’ ಚಿತ್ರದಲ್ಲಿ ನೋಲನ್‌ರ ಬ್ಯಾಟ್‌ಮ್ಯಾನ್ ಹೊಸ ಉಡುಪು ಕೇಳಿದ್ದೂ ಕತ್ತು ಹೊರಳಿಸೋಕೇ!