ಬಲವಂತಕ್ಕೆ ಮಾಡಿದ ಅಪರಾಧಕ್ಕೆ ಶಿಕ್ಷೆಯೇ ಇಲ್ಲವೆಂಬುದು ಸರಿಯಲ್ಲ

‘ಬಲವಂತಕ್ಕೆ ಒಳಗಾಗಿ ಮಾಡಿದ ಯಾವ ಕೃತ್ಯವೂ ಅಪರಾಧವಲ್ಲ’ ಎಂಬ ಸಂದೇಶ ಹರಿದಾಡುತ್ತಿದ್ದು, ಅದನ್ನು ನಂಬಿದವರು ತೊಂದರೆಗೆ ಸಿಲುಕಬಹುದಾದ್ದರಿಂದ ಈ ಸ್ಪಷ್ಟನೆ.

ಭಾರತೀಯ ನ್ಯಾಯ ಸಂಹಿತೆಯ 32ನೇ ಸೆಕ್ಷನ್ (ಹಿಂದಿನ ದಂಡ ಸಂಹಿತೆಯ 94) ಈ ರಕ್ಷಣೆ ಕೊಡುವುದು, ಹೇಳಿದಂತೆ ಮಾಡದಿದ್ದರೆ ತಾನು ಆ ಕ್ಷಣವೇ ಸಾಯುತ್ತೇನೆಂಬ ಸಕಾರಣವಾದ ಭಯ ಕೃತ್ಯದ ಹೊತ್ತಿನಲ್ಲಿ ಇದ್ದಾಗ ಮಾತ್ರ. ದರೋಡೆಕೋರರು ಹಿಡಿದು ತಂದ ಕಮ್ಮಾರನೊಬ್ಬ ಅಂಥ ಬೆದರಿಕೆಗೆ ಸಿಕ್ಕಿ, ತನ್ನ ಸಲಕರಣೆಗಳಿಂದಲೇ ಮನೆಯ ಬಾಗಿಲು ಮುರಿದುಕೊಟ್ಟರೆ ಅವನು ಅಪರಾಧಿಯಲ್ಲವೆಂದು ಕಾನೂನೇ ಉದಾಹರಿಸುತ್ತದೆ. ಆದರೆ ಅವರು ಎಂಥವರೆಂದು ತಿಳಿದೂ ತಾನಾಗಿ, ಅಥವಾ ಹೊಡೆದಾರೆಂಬ ಹೆದರಿಕೆಯಿಂದಲೇ ಆಗಲಿ, ಆ ಗುಂಪನ್ನು ಸೇರಿದವನಿಗೆ ಈ ರಕ್ಷಣೆ ಸಿಗದು. ಕೊಲೆಗೂ, ಮರಣದಂಡನೆಗೆ ಗುರಿಯಾಗುವ ರಾಜ್ಯದ ವಿರುದ್ಧದ ಅಪರಾಧಗಳಿಗೂ ಇದು ಅನ್ವಯಿಸುವುದೇ ಇಲ್ಲ. ಕೆಲಸ ಹೋದೀತೆಂಬ ಭಯ ಎಷ್ಟೇ ನಿಜವಾಗಿದ್ದರೂ ಸಾಲದು. ಮಕ್ಕಳನ್ನು ಕೊಲ್ಲುತ್ತೇವೆಂಬ ಬೆದರಿಕೆಯನ್ನೂ ಸೆಕ್ಷನ್ನಿನ ಮಾತುಗಳು ಒಳಗೊಳ್ಳದಿರುವುದು ನನ್ನ ದೃಷ್ಟಿಯಲ್ಲಿ ಕಠೋರವೇ ಸರಿ.

ಗೊಂದಲದ ಮೂಲ ಬಹುಶಃ 1872ರ ಕರಾರು ಕಾಯ್ದೆ. ಅಲ್ಲಿ ಬಲವಂತದ ಅರ್ಥ ವಿಶಾಲವಾಗಿದ್ದು, ದಂಡ ಸಂಹಿತೆ ನಿಷೇಧಿಸಿದ ಯಾವುದೇ ಕೃತ್ಯದ ಬೆದರಿಕೆಯೊಡ್ಡಿ ಸಹಿ ಹಾಕಿಸಿಕೊಂಡಿದ್ದರೂ, ಸಹಿ ಮಾಡಿದವರು ಕರಾರನ್ನು ರದ್ದುಪಡಿಸಿಕೊಳ್ಳಬಹುದು. ಹಾಗೆಂದು ಅದು ತಾನಾಗಿಯೇ ರದ್ದಾಗುವುದಿಲ್ಲ.